ಮಳೆಗಾಲದಲ್ಲಿ ಬೇಸ್ ಬಡಿದಾಗ ಹೆಡ್‌ಲೈಟ್ ಡಿಮ್ ಆಗುತ್ತಿದೆ, ಎಷ್ಟು ಆಂಪಿಯರ್ ಡೈನಮೋ ಹಾಕಿಸಬೇಕು?

ಮಕ್ಕಂದೂರು ತೋಟ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಒಂದು ಸಣ್ಣ ಡೀಸೆಲ್ ಕಾರು. ಮಾರ್ಚ್‌ನಲ್ಲಿ ಡಿಕ್ಕಿಗೆ ಬೇಸ್ ಸದ್ದಿಗೆ ಅಂತ 12 ಇಂಚಿನ ವೂಫರ್ ಹಾಕಿಸಿದೆ, ಅದಕ್ಕೆ ಒಂದು ಮೋನೋ ಆಂಪ್ಲಿಫೈಯರ್, ಬಾಗಿಲಿನ ಸ್ಪೀಕರ್‌ಗಳಿಗೆ ಇನ್ನೊಂದು ಫೋರ್ ಚಾನೆಲ್. ಬೇಸಿಗೆ ಮುಗಿಯುವವರೆಗೆ ಒಂದು ದಿನವೂ ತೊಂದರೆ ಕೊಡಲಿಲ್ಲ. ವಾಲಗ ಹಾಕಿದರೆ ಮದುವೆ ಮನೆ ಅಂಗಳದಲ್ಲೇ ನಿಂತ ಹಾಗೆ ಕೇಳುತ್ತಿತ್ತು.

ಕಕ್ಕಡ, ನಮ್ಮ ಜೋರು ಮಳೆಯ ತಿಂಗಳು, ಬಂತು, ಕಾಟವೂ ಶುರುವಾಯಿತು. ಸಂಜೆ ಆರೂವರೆಗೆ ಮಡಿಕೇರಿಯಿಂದ ಹೊರಟರೆ ಮಂಜು, ಮಳೆ ಎರಡೂ ಒಟ್ಟಿಗೆ. ಹೆಡ್‌ಲೈಟ್, ಫಾಗ್ ಲೈಟ್, ವೈಪರ್, ಗಾಜಿಗೆ ಹಬೆ ಹಿಡಿಯದ ಹಾಗೆ ಎಸಿ ಮತ್ತು ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್, ಎಲ್ಲ ಹಾಕಲೇಬೇಕು. ಅದರ ಜೊತೆ ಹಾಡು ಹಾಕಿದರೆ ಪ್ರತಿ ಬೇಸ್ ಬಡಿತಕ್ಕೂ ಮುಂದಿನ ಬೆಳಕು ಒಮ್ಮೆ ಕುಗ್ಗಿ ಮತ್ತೆ ಏಳುತ್ತದೆ. ತಿರುವಿನಲ್ಲಿ ನಿಧಾನ ಮಾಡಿದಾಗ ಇನ್ನೂ ಜಾಸ್ತಿ. ಕಳೆದ ವಾರ ಎರಡು ಸಲ ಬೆಳಿಗ್ಗೆ ಸೆಲ್ಫ್ ಎತ್ತಲಿಲ್ಲ, ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಹುಡುಗರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡಿದೆ.

ಒಂದು ಅಂಗಡಿಯಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, "200 ಆಂಪಿಯರ್ ಡೈನಮೋ ಹಾಕಿಸಿ, ಬೇರೆ ದಾರಿ ಇಲ್ಲ" ಅಂದರು, ಡೈನಮೋ ಅಂದರೆ ಎಂಜಿನ್ ಬೆಲ್ಟಿನಿಂದ ತಿರುಗಿ ಕರೆಂಟು ಕೊಡುವ ಆಲ್ಟರ್ನೇಟರ್. ಮೀಟರ್ ಹಿಡಿಯಲಿಲ್ಲ, ಏನನ್ನೂ ಅಳೆಯಲಿಲ್ಲ. ಹೇಳಿದ ರೇಟು ಕೇಳಿದರೆ ತೋಟಕ್ಕೆ ಒಂದು ಸುತ್ತು ಗೊಬ್ಬರ ಹಾಕಿಸಬಹುದು. ದುಡ್ಡು ಹಾಕಲು ನಾನು ತಯಾರಿದ್ದೇನೆ, ಆದರೆ 200 ಎಲ್ಲಿಂದ ಬಂತು, 120 ಯಾಕೆ ಸಾಲದು, 150 ಯಾಕೆ ಆಗದು ಅಂತ ಗೊತ್ತಾಗದೆ ಹಾಕಲು ಮನಸ್ಸಿಲ್ಲ. ಗೊತ್ತಿದ್ದವರು ಲೆಕ್ಕ ಹೇಗೆ ಹಾಕುತ್ತೀರಿ, ಸ್ವಲ್ಪ ಬಿಡಿಸಿ ಹೇಳಿ.

ಗೋಣಿಕೊಪ್ಪ ವೈರಿಂಗ್

ಅಣ್ಣ, ಆಟೋ ಎಲೆಕ್ಟ್ರಿಕಲ್ ಕೆಲಸ ನನ್ನ ಹೊಟ್ಟೆಪಾಡು, ಅದಕ್ಕೇ ಹೇಳುತ್ತೇನೆ. ಮೀಟರ್ ಹಿಡಿಯದೆ ಡೈನಮೋ ಬದಲಿಸಿ ಅಂದವರ ಮಾತಿಗೆ ದುಡ್ಡು ಬಿಚ್ಚಬೇಡಿ. ಬೇಕಾಗಬಹುದು, ಬೇಡವೂ ಆಗಬಹುದು. ಮೊದಲು ಇಷ್ಟು ಹೇಳಿ.

ಮೋನೋ ಆಂಪ್ಲಿಫೈಯರ್ ಎಷ್ಟು ವ್ಯಾಟ್? ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದದ್ದು ಬೇಡ, ಒಳಗಿನ ಪುಸ್ತಕದಲ್ಲಿ ಆರ್‌ಎಂಎಸ್ ಅಂತ ಇರುವ ಸಂಖ್ಯೆ ಬೇಕು, ಅಂದರೆ ಅದು ನಿಜವಾಗಿ ಬಿಡದೆ ಕೊಡುವ ವ್ಯಾಟ್. ಅದು ಕ್ಲಾಸ್ ಡಿ ಯಾ, ಎಬಿ ಯಾ? ಫೋರ್ ಚಾನೆಲ್ಲಿನದ್ದೂ ಅದೇ ರೀತಿ. ಡೈನಮೋ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, 14 ವೋಲ್ಟ್ ಇಷ್ಟು ಆಂಪಿಯರ್ ಅಂತ, ಟಾರ್ಚ್ ಹಿಡಿದು ಓದಿ. ಬ್ಯಾಟರಿಯಿಂದ ಡಿಕ್ಕಿಗೆ ಹೋದ ವಯರ್ ಎಷ್ಟು ದಪ್ಪ, ತಾಮ್ರವಾ ಅಥವಾ ತಾಮ್ರದ ಬಣ್ಣ ಹೊದ್ದ ಅಲ್ಯೂಮಿನಿಯಮ್ಮಾ, ತುದಿಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅರ್ತ್ ಎಲ್ಲಿ ಕಟ್ಟಿದ್ದಾರೆ? ಬ್ಯಾಟರಿಗೆ ಎಷ್ಟು ವರ್ಷ ಆಯಿತು?

ಮಕ್ಕಂದೂರು ತೋಟ

ತಕ್ಷಣ ಉತ್ತರ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಇವತ್ತು ಮಳೆ ಸ್ವಲ್ಪ ಬಿಟ್ಟಿತ್ತು, ಎಲ್ಲ ನೋಡಿದೆ.

ಮೋನೋ ಕ್ಲಾಸ್ ಡಿ, 2 ಓಮ್‌ಗೆ 600 ವ್ಯಾಟ್ ಆರ್‌ಎಂಎಸ್. ಡಬ್ಬದ ಮೇಲೆ 2400 ಅಂತಿತ್ತು! ಫೋರ್ ಚಾನೆಲ್ ಕ್ಲಾಸ್ ಎಬಿ, ಒಂದೊಂದಕ್ಕೆ 60 ವ್ಯಾಟ್. ಡೈನಮೋ ಚೀಟಿಯಲ್ಲಿ 14 ವೋಲ್ಟ್ 90 ಆಂಪಿಯರ್. ವಯರ್ ಕಿಟ್‌ನಲ್ಲಿ ಬಂದದ್ದು, 8 ಗೇಜ್ ಅಂತ ಬರೆದಿದೆ, ಕೆರೆದರೆ ನೀವು ಹೇಳಿದ ಹಾಗೆ ಬೆಳ್ಳಗೆ. ಅರ್ತ್ ಅನ್ನು ಹಿಂದಿನ ಸೀಟಿನ ಕೆಳಗೆ ಒಂದು ಬೋಲ್ಟಿಗೆ ಕಟ್ಟಿದ್ದಾರೆ, ಅಡಿಯಲ್ಲಿ ಪೇಂಟ್ ಹಾಗೆಯೇ ಇದೆ. ಬ್ಯಾಟರಿ ಮೂರು ವರ್ಷ ಹಳೆಯದು.

ಗೋಣಿಕೊಪ್ಪ ವೈರಿಂಗ್

ಸರಿ, ಈಗ ಲೆಕ್ಕ ಹಾಕೋಣ. ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ಮೊದಲು ಹಾಡಿನ ಖರ್ಚು. ಕ್ಲಾಸ್ ಡಿ ಅಂದರೆ ಒಳಗೆ ಹೋದ ಕರೆಂಟಿನಲ್ಲಿ ನೂರಕ್ಕೆ ಸುಮಾರು 80 ಭಾಗ ಸ್ಪೀಕರಿಗೆ ಹೋಗುತ್ತದೆ, ಉಳಿದದ್ದು ಶಾಖ. 600 ವ್ಯಾಟ್ ಹೊರಗೆ ಬರಬೇಕಾದರೆ 750 ಒಳಗೆ ಹೋಗಬೇಕು. ಅದನ್ನು 13.8 ವೋಲ್ಟಿನಿಂದ ಭಾಗಿಸಿ, 54 ಆಂಪಿಯರ್. ಎಬಿ ಅಷ್ಟು ಚುರುಕಲ್ಲ, ಪೂರ್ತಿ ಹಾಕಿದಾಗಲೂ 55 ಭಾಗ ಅಂತ ಇಟ್ಟುಕೊಳ್ಳಿ. ನಾಲ್ಕು ಸೇರಿ 240 ವ್ಯಾಟಿಗೆ 436 ಬೇಕು, ಅಂದರೆ 32 ಆಂಪಿಯರ್. ಎರಡೂ ಸೇರಿ 86. ಇದು ಕಿವಿ ಕಿತ್ತು ಬರುವ ಹಾಗೆ ಹಾಕಿದ ಕ್ಷಣದ ಲೆಕ್ಕ. ಹಾಡು ಯಾವಾಗಲೂ ಅಲ್ಲೇ ನಿಲ್ಲುವುದಿಲ್ಲ, ಬಡಿತ ಬಂದಾಗ ಏರುತ್ತದೆ, ಮಧ್ಯೆ ಇಳಿಯುತ್ತದೆ. ಸಾಮಾನ್ಯವಾಗಿ ಮೂರರಲ್ಲೊಂದು ಭಾಗ ಹಿಡಿಯುತ್ತೇವೆ, ಸುಮಾರು 29 ಆಂಪಿಯರ್. ಬೇಸ್ ಜಾಸ್ತಿ ಇರುವ ಹಾಡೇ ಕೇಳುವವರಿಗೆ ಅರ್ಧ ಹಿಡಿಯಬೇಕು, 43.

ಈಗ ಕಾರಿನ ಖರ್ಚು. ಇಲ್ಲಿಯೇ ನಮ್ಮ ಕೊಡಗಿನವರಿಗೂ ಬಯಲುಸೀಮೆಯವರಿಗೂ ವ್ಯತ್ಯಾಸ ಬರುವುದು. ಎಂಜಿನ್ ಓಡಲು ಇಸಿಯು (ಎಂಜಿನ್ನಿನ ಕಂಪ್ಯೂಟರ್), ಇಂಜೆಕ್ಟರ್ ಎಲ್ಲ ಸೇರಿ 12 ಆಂಪಿಯರ್ ಅಂತ ಇಡಿ. ಹೆಡ್‌ಲೈಟ್ ಎರಡು, 55 ವ್ಯಾಟ್ ಬಲ್ಬು, 8 ಆಂಪಿಯರ್. ಹಿಂದಿನ ದೀಪ, ಮೀಟರ್ ದೀಪ ಎಲ್ಲ ಸೇರಿ 3. ಹಳೆ ಬಲ್ಬಿನ ಫಾಗ್ ಲೈಟ್ ಆದರೆ ಮತ್ತೆ 8. ವೈಪರ್ 5. ಬ್ಲೋವರ್ ಪೂರ್ತಿ ಹಾಕಿದರೆ 12. ಎಸಿ ಕ್ಲಚ್ 4. ಡಿಫಾಗರ್ 12. ಒಟ್ಟು 64. ಕಾರಿಂದ ಕಾರಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಸುಮಾರು ಇಷ್ಟೇ. ಇದರ ಮೇಲೆ ಬ್ರೇಕ್ ಒತ್ತಿದರೆ 3, ರೇಡಿಯೇಟರ್ ಫ್ಯಾನ್ ತಿರುಗಿದರೆ 12.

ಡೈನಮೋ 90 ಕೊಡುತ್ತದಲ್ಲ ಅಂತ ನೀವು ಕೇಳಬಹುದು. ಚೀಟಿಯ 90 ಅಂದರೆ ಡೈನಮೋ 6000 ಸುತ್ತು ತಿರುಗುವಾಗ ಕೊಡುವ ಕರೆಂಟು. ಅದರ ಪುಲ್ಲಿ ಚಿಕ್ಕದು, ಎಂಜಿನ್ ಒಂದು ಸುತ್ತು ಹಾಕಿದರೆ ಇದು ಎರಡೂವರೆಯಿಂದ ಮೂರು ಸುತ್ತು ಹಾಕುತ್ತದೆ. ಎಂಜಿನ್ 2000ದಲ್ಲಿ ಇದ್ದರೆ ಡೈನಮೋ 5400ರ ಹತ್ತಿರ, ಸುಮಾರು 85 ಆಂಪಿಯರ್ ಸಿಗುತ್ತದೆ. ನಿಂತಲ್ಲಿ ಐಡ್ಲಿಂಗ್ 800ರಲ್ಲಿ ಇದ್ದರೆ ಡೈನಮೋ ಬರೀ 2200, ಸಿಗುವುದು ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ, 50 ಅಂತ ಇಟ್ಟುಕೊಳ್ಳಿ. ಬಿಸಿಯಾದ ಮೇಲೆ ಇನ್ನೂ ಕಮ್ಮಿ.

ಹಾಗಾಗಿ ಮಳೆಯ ರಾತ್ರಿ ಓಡುವಾಗ 85ರಲ್ಲಿ 64 ಕಾರಿಗೇ ಹೋಯಿತು, ಉಳಿದದ್ದು 21. ನಿಮ್ಮ ಹಾಡಿಗೆ ಬೇಕು 29. ಎಂಟು ಆಂಪಿಯರ್ ಬ್ಯಾಟರಿಯಿಂದ ಸೋರುತ್ತಲೇ ಇರುತ್ತದೆ. ನಿಂತಾಗ ಹಾಡು ಇಲ್ಲದೆಯೂ ಸಾಲುವುದಿಲ್ಲ. ಬೇಸಿಗೆಯ ಹಗಲಿಗೆ ಇದೇ ಲೆಕ್ಕ ಹಾಕಿ ನೋಡಿ. ಎಂಜಿನ್ 12, ಬ್ಲೋವರ್ 12, ಎಸಿ 4, ಫ್ಯಾನ್ 12, ಒಟ್ಟು 40. ಇನ್ನೂ 45 ಉಳಿಯುತ್ತದೆ. ಮಾರ್ಚ್‌ನಲ್ಲಿ ಸರಿಯಿದ್ದದ್ದು ಕಕ್ಕಡದಲ್ಲಿ ಕೆಟ್ಟದ್ದು ಇದಕ್ಕೇ ಅಣ್ಣ.

ಆದರೆ ಇನ್ನೂ ಡೈನಮೋ ತರಬೇಡಿ. ಆ 8 ಗೇಜ್ ಅಲ್ಯೂಮಿನಿಯಮ್ ವಯರ್ ಮತ್ತು ಪೇಂಟಿನ ಮೇಲಿನ ಅರ್ತ್, ಅವೆರಡೂ ನನಗೆ ಸರಿ ಕಾಣುತ್ತಿಲ್ಲ. ಮೀಟರಿನಲ್ಲಿ ಅಳೆದು ಹೇಳಿ, ಹೇಗೆ ಅಂತ ಸಂಜೆ ಬರೆಯುತ್ತೇನೆ.

ನಾಪೋಕ್ಲು ಬೀಟ್

ಬ್ರೋ ಒಂದು ಫ್ಯಾರಡ್ ಕೆಪಾಸಿಟರ್ ಹಾಕಿ, ಡಿಮ್ ಆಗುವುದು ನಿಲ್ಲುತ್ತದೆ. ನನ್ನ ಫ್ರೆಂಡ್ ಕಾರಿಗೆ ಹಾಕಿಸಿದ್ದಾನೆ, ನೀಲಿ ಲೈಟಲ್ಲಿ ವೋಲ್ಟೇಜ್ ಸಹ ತೋರಿಸುತ್ತದೆ. ಡೈನಮೋ ಎಲ್ಲ ಯಾಕೆ ಬದಲಿಸಬೇಕು?

ವಿರಾಜಪೇಟೆ ಟೀಚರ್

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ನಮ್ಮ ಮನೆಯವರ ಕಾರಿನಲ್ಲೂ ಇದೇ ಆಗಿತ್ತು, ಹಾಗಾಗಿ ಈ ವಿಷಯ ಬಿಡದೆ ಓದುತ್ತಿದ್ದೇನೆ.

ನಾಪೋಕ್ಲು ತಮ್ಮಾ, ಕೆಪಾಸಿಟರಿನಲ್ಲಿ ಎಷ್ಟು ಶಕ್ತಿ ಇರುತ್ತದೆ ಅಂತ ಪುಸ್ತಕದಲ್ಲಿರುವ ಸೂತ್ರದಲ್ಲೇ ನೋಡೋಣ. ಅರ್ಧ ಗುಣಿಸು ಫ್ಯಾರಡ್ ಗುಣಿಸು ವೋಲ್ಟೇಜಿನ ವರ್ಗ. ಒಂದು ಫ್ಯಾರಡ್, 14 ವೋಲ್ಟ್, 98 ಜೂಲ್. ಆದರೆ ಅದು ಪೂರ್ತಿ ಖಾಲಿಯಾಗುವುದಿಲ್ಲ. 14ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಹೊರಗೆ ಕೊಡುವುದು ಬರೀ 26 ಜೂಲ್. ಇವರ ಮೋನೋ ಒಂದಕ್ಕೇ ಸೆಕೆಂಡಿಗೆ 750 ಜೂಲ್ ಬೇಕು. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ, ಡೋಲಿನ ಒಂದು ಏಟಿನ ಮೊದಲ ಸದ್ದಿಗೆ ಅಷ್ಟೇ. ಆಮೇಲೆ ಅದನ್ನು ಮತ್ತೆ ತುಂಬಿಸಬೇಕಾದ್ದೂ ಅದೇ ಡೈನಮೋ. ದೀಪ ಮಿಣುಕುವುದು ಸ್ವಲ್ಪ ನಯವಾಗಬಹುದು, ಆದರೆ ಬರುವ ಕರೆಂಟು ಒಂದು ಆಂಪಿಯರ್ ಕೂಡ ಜಾಸ್ತಿಯಾಗುವುದಿಲ್ಲ. ಬೆಳಿಗ್ಗೆ ಸೆಲ್ಫ್ ಎತ್ತದೇ ಇರುವ ತೊಂದರೆಗೆ ಇದು ಮದ್ದೇ ಅಲ್ಲ.

ಇನ್ನೊಂದು ಮಾತು ತುಂಬಾ ಜನ ಕೇಳುತ್ತಾರೆ. ದೊಡ್ಡ ಡೈನಮೋ ಹಾಕಿದರೆ ಕರೆಂಟು ಜಾಸ್ತಿ ನುಗ್ಗಿ ಇಸಿಯು ಸುಟ್ಟುಹೋಗುತ್ತದಾ ಅಂತ. ಇಲ್ಲ. ವೋಲ್ಟೇಜನ್ನು ರೆಗ್ಯುಲೇಟರ್ ಹಿಡಿದಿಟ್ಟಿರುತ್ತದೆ, 14ರ ಆಸುಪಾಸಿನಲ್ಲಿ. ಆ ವೋಲ್ಟೇಜಿಗೆ ಯಾವ ಸಾಮಾನು ಎಷ್ಟು ಎಳೆಯುತ್ತದೋ ಅಷ್ಟೇ ಕರೆಂಟು ಹೋಗುತ್ತದೆ. ಊರ ಟ್ಯಾಂಕಿ ದೊಡ್ಡದಾದರೆ ನಿಮ್ಮ ಮನೆ ನಲ್ಲಿ ಒಡೆಯುವುದಿಲ್ಲ ಅಲ್ವಾ, ಹಾಗೆ. ರೆಗ್ಯುಲೇಟರ್ ಕೆಟ್ಟರೆ ಮಾತ್ರ ಅಪಾಯ, ಅದು ಚಿಕ್ಕ ಡೈನಮೋದಲ್ಲೂ ಇದ್ದದ್ದೇ.

ಆದರೆ ಪುಕ್ಕಟೆಯಂತೂ ಅಲ್ಲ. 120 ಆಂಪಿಯರ್ ಪೂರ್ತಿ ಎಳೆದರೆ 1680 ವ್ಯಾಟ್ ಆಯಿತು. ಡೈನಮೋ ಎಂಜಿನ್ನಿನಿಂದ ತೆಗೆದುಕೊಂಡದ್ದರಲ್ಲಿ ಸುಮಾರು 55ರಿಂದ 60 ಭಾಗ ಮಾತ್ರ ಕರೆಂಟಾಗಿ ವಾಪಸ್ ಕೊಡುತ್ತದೆ. ಹಾಗಾಗಿ ಎಂಜಿನ್ ಮೇಲೆ ಬೀಳುವ ಭಾರ 4 ಎಚ್‌ಪಿ ಹತ್ತಿರ. ಸಂಪಾಜೆ ಘಾಟಿ ಹತ್ತುವಾಗ ಚಿಕ್ಕ ಎಂಜಿನ್ ಕಾರಿನಲ್ಲಿ ಇದು ಕಾಲಿಗೆ ತಿಳಿಯುತ್ತದೆ. ಬೇಕಾದಾಗ ಮಾತ್ರ ಎಳೆಯುತ್ತದೆ, ಬೇಡದಾಗ ಡೈನಮೋ ಹಗುರ.

ಕುಶಾಲನಗರ ಜೀಪು

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಅನುಭವ ಹೇಳುತ್ತೇನೆ, ದೊಡ್ಡ ಡೈನಮೋ ಬೇಕು ಅಂತ ಇರುವವರಿಗೆ ಉಪಯೋಗ ಆಗಬಹುದು.

ನನ್ನ ಹಳೆ ಜೀಪಿಗೆ 1500 ವ್ಯಾಟ್ ಆರ್‌ಎಂಎಸ್ ಹಾಕಿದ್ದೆ. ಅಷ್ಟು ಇದ್ದರೆ ಮೂಲ ಡೈನಮೋ ಯಾವ ಲೆಕ್ಕಕ್ಕೂ ಸಾಲುವುದಿಲ್ಲ. ಮೊದಲ ಸಲ ನಾನು ಮಾಡಿದ್ದು ರೀವೈಂಡಿಂಗ್. ಹಳೆ ಡೈನಮೋದ ಸ್ಟೇಟರ್, ಅಂದರೆ ತಂತಿ ಸುತ್ತಿದ ಭಾಗ, ಬಿಚ್ಚಿ, ದಪ್ಪ ತಂತಿ ಸುತ್ತಿ, ಡಯೋಡ್ ಪ್ಲೇಟ್ ದೊಡ್ಡದು ಹಾಕಿ 160 ಆಂಪಿಯರ್ ಅಂತ ಕೊಟ್ಟರು. ಹೈವೇಯಲ್ಲಿ ನಿಜವಾಗಿಯೂ ಚೆನ್ನಾಗಿ ಕೊಡುತ್ತಿತ್ತು. ಆದರೆ ನ್ಯೂಟ್ರಲ್ಲಿನಲ್ಲಿ ನಿಂತರೆ ಮೊದಲಿಗಿಂತ ಕೆಟ್ಟದು! ಆಮೇಲೆ ಗೊತ್ತಾಯಿತು, ದಪ್ಪ ತಂತಿ ಹಾಕಿದರೆ ಅದೇ ಜಾಗದಲ್ಲಿ ಸುತ್ತು ಕಮ್ಮಿ ಹಿಡಿಯುತ್ತದೆ, ಸುತ್ತು ಕಮ್ಮಿಯಾದರೆ ಚಾರ್ಜ್ ಶುರುವಾಗಲು ಜಾಸ್ತಿ ಸ್ಪೀಡ್ ಬೇಕು. ಘಾಟಿಯಲ್ಲಿ, ಮದುವೆ ಮನೆ ಎದುರು, ಟ್ರಾಫಿಕ್ಕಿನಲ್ಲಿ ನಿಲ್ಲುವವರಿಗೆ ಮೇಲಿನ ಸಂಖ್ಯೆಗಿಂತ ಐಡ್ಲಿಂಗಿನಲ್ಲಿ ಎಷ್ಟು ಅನ್ನುವುದೇ ಮುಖ್ಯ. ದೊಡ್ಡ ಡೈನಮೋ ಕೊಡುವವರ ಹತ್ತಿರ ಒಂದು ಗ್ರಾಫ್ ಇರುತ್ತದೆ, ಎಷ್ಟು ಸ್ಪೀಡಿಗೆ ಎಷ್ಟು ಆಂಪಿಯರ್ ಅಂತ. ಅದನ್ನು ಕೇಳಿ ತೆಗೆದುಕೊಳ್ಳಿ. ಗ್ರಾಫ್ ಇಲ್ಲ ಅಂದರೆ ಆ ಅಂಗಡಿ ಬಿಟ್ಟು ಬನ್ನಿ.

ಎರಡನೆಯದು ಬೆಲ್ಟ್. ಹಳೆ ಗಾಡಿಗಳಲ್ಲಿ ಒಂದೇ ವಿ ಬೆಲ್ಟ್ ಇರುತ್ತದೆ. 160 ಎಳೆಯಲು ಹೋದರೆ ಜಾರುತ್ತದೆ, ಮಳೆಯಲ್ಲಿ ನೀರು ತಾಗಿದರೆ ಕಿರುಚುತ್ತದೆ. ಮಾಂದಲಪಟ್ಟಿ ರಸ್ತೆಯ ಕೆಸರು ನೀರು ಚಿಮ್ಮಿ ಬೆಲ್ಟಿಗೆ ಹೋದ ದಿನ ಚಾರ್ಜ್ ದೀಪ ಉರಿದದ್ದು ಇನ್ನೂ ನೆನಪಿದೆ. ಬೆಲ್ಟ್ ಬಿಗಿ ಮಾಡಿ ಮಾಡಿ ಡೈನಮೋ ಬೇರಿಂಗೂ ಹೋಯಿತು, ವಾಟರ್ ಪಂಪ್ ಬೇರಿಂಗೂ ಹೋಯಿತು. ಚಿಕ್ಕ ಪುಲ್ಲಿ ಹಾಕಿದರೆ ಐಡ್ಲಿಂಗಿನಲ್ಲಿ ಜಾಸ್ತಿ ತಿರುಗುತ್ತದೆ ಅಂತ ಕೆಲವರು ಹೇಳುತ್ತಾರೆ, ತಿರುಗುತ್ತದೆ ನಿಜ, ಆದರೆ ಬೆಲ್ಟ್ ಹಿಡಿಯುವ ಜಾಗ ಇನ್ನೂ ಕಮ್ಮಿಯಾಗುತ್ತದೆ. ಹಲವು ಗೀರಿನ ಪಟ್ಟಿ ಬೆಲ್ಟ್ ಇರುವ ಗಾಡಿಗೆ ಈ ಕಷ್ಟ ಅಷ್ಟಿಲ್ಲ.

ಈಗ ಜೀಪಿನಲ್ಲಿ 700 ವ್ಯಾಟ್ ಇಟ್ಟುಕೊಂಡು ಖುಷಿಯಾಗಿದ್ದೇನೆ.

ಗೋಣಿಕೊಪ್ಪ ವೈರಿಂಗ್

ಜೀಪಣ್ಣ ಬರೆದದ್ದನ್ನು ಎಲ್ಲರೂ ಎರಡು ಸಲ ಓದಿ.

ಮಕ್ಕಂದೂರು ಅಣ್ಣ, ಅಳತೆ ಹೀಗೆ ಮಾಡಿ. ಸಾಮಾನ್ಯ ಮಲ್ಟಿಮೀಟರ್ ಸಾಕು, ಡಿಸಿ 20 ವೋಲ್ಟಿನಲ್ಲಿ ಇಡಿ. ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಯಾವುದನ್ನೂ ಹಾಕದೆ ಬ್ಯಾಟರಿ ಮೇಲೆ ಹಿಡಿಯಿರಿ. 12.6 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಆಮೇಲೆ ಸ್ಟಾರ್ಟ್ ಮಾಡಿ, ಮಳೆಯಲ್ಲಿ ಹಾಕುವುದನ್ನೆಲ್ಲ ಹಾಕಿ, ಹಾಡೂ ಹಾಕಿ. ಬ್ಯಾಟರಿ ಮೇಲೆ ಒಂದು ಸಲ, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಟರ್ಮಿನಲ್ ಮೇಲೆ ಒಂದು ಸಲ ನೋಡಿ.

ಇನ್ನು ಮುಖ್ಯವಾದದ್ದು. ಮೀಟರಿನ ಒಂದು ಮುಳ್ಳನ್ನು ಡೈನಮೋ ಹಿಂದಿನ ದಪ್ಪ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿ ಪಾಸಿಟಿವ್‌ಗೆ ಇಡಿ. ಎಲ್ಲ ಚಾಲೂ ಇರುವಾಗ 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಆ ವಯರಿನಲ್ಲೋ ಅದರ ತುದಿಗೆ ಒತ್ತಿದ ಲೋಹದ ಲಗ್‌ನಲ್ಲೋ ತೊಂದರೆ. ಎಂಜಿನ್ ಮೈಗೂ ಬ್ಯಾಟರಿ ನೆಗೆಟಿವ್‌ಗೂ ಹಾಗೇ ನೋಡಿ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಮೀಟರ್ ವಯರ್, ತೋಳಿನ ಬಟ್ಟೆ ಹೋಗದ ಹಾಗೆ ನೋಡಿಕೊಳ್ಳಿ.

ಕೊನೆಗೆ ಮೀಟರನ್ನು ಡಿಸಿಯಿಂದ ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿಯಿರಿ. 0.1ರ ಒಳಗೆ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಡೈನಮೋದ ಡಯೋಡ್ ಹೋಗಿದೆ, ಆಗ ಸ್ಪೀಕರಿನಲ್ಲಿ ಎಂಜಿನ್ ಜೊತೆ ಏರುವ ಒಂದು ಕುಂಯ್ ಸದ್ದೂ ಬರುತ್ತಿರುತ್ತದೆ.

ಮಕ್ಕಂದೂರು ತೋಟ

ಭಾನುವಾರ ಅಣ್ಣನ ಮಗನನ್ನು ಕೂರಿಸಿಕೊಂಡು ಪೂರ್ತಿ ಅಳೆದೆ. ಬರೆದುಕೊಂಡದ್ದನ್ನು ಹಾಗೆಯೇ ಹಾಕುತ್ತಿದ್ದೇನೆ.

ಬೆಳಿಗ್ಗೆ ಬ್ಯಾಟರಿ 12.1. ಸ್ಟಾರ್ಟ್ ಮಾಡಿ ಏನೂ ಹಾಕದೆ 13.9. ಎಲ್ಲ ಹಾಕಿ, ಹಾಡು ಜೋರು ಮಾಡಿ, ಐಡ್ಲಿಂಗಿನಲ್ಲಿ ಬ್ಯಾಟರಿ ಮೇಲೆ 12.4. ಅದೇ ಹೊತ್ತಿಗೆ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಮೇಲೆ 11.1, ಬೇಸ್ ಬಡಿದಾಗ 10.8ರವರೆಗೂ ಇಳಿಯಿತು. ಡೈನಮೋ ಬೋಲ್ಟಿಂದ ಬ್ಯಾಟರಿಗೆ 0.45. ಎಂಜಿನ್ನಿಂದ ನೆಗೆಟಿವ್‌ಗೆ 0.3. ಎಸಿಯಲ್ಲಿ 0.04, ಹಾಗಾದರೆ ಡಯೋಡ್ ಸರಿ ಇದೆ ಅಂತ ಅಂದುಕೊಂಡೆ.

ಆ 0.45 ನೋಡಿದ ಮೇಲೆ ಸುಮ್ನೆ ಬಿಡಲು ಆಗಲಿಲ್ಲ. ಬ್ಯಾಟರಿ ವಯರ್ ಕಳಚಿಟ್ಟು ಡೈನಮೋ ಹಿಂದಿನ ರಬ್ಬರ್ ಟೋಪಿ ಎತ್ತಿದೆ. ಒಳಗೆ ನಟ್ಟಿನ ಸುತ್ತ ಹಸಿರು ಕಿಲುಬು, ಒದ್ದೆ ಸುಣ್ಣದ ಹಾಗೆ ಮೆತ್ತಿಕೊಂಡಿತ್ತು. ನಟ್ ಬಿಚ್ಚಿ ಲಗ್ ಕೈಯಲ್ಲಿ ಹಿಡಿದು ತಿರುಗಿಸಿದೆ, ವಯರ್ ಅದರೊಳಗೆ ಸುಲಭವಾಗಿ ತಿರುಗಿತು. ನಾಲ್ಕೈದು ಎಳೆ ಕಪ್ಪಾಗಿ ಮುರಿದುಹೋಗಿತ್ತು. ಇಷ್ಟು ವರ್ಷದ ಮಳೆ ನೀರು ಆ ಟೋಪಿ ಒಳಗೇ ಕೂತಿದೆ. ಎಂಜಿನ್ ಅರ್ತಿನ ಪಟ್ಟಿ ಜಾಲರಿಯ ಹಾಗೆ ಇರುತ್ತದಲ್ಲ, ಅದನ್ನು ಬೆರಳಲ್ಲಿ ಬಗ್ಗಿಸಿದರೆ ಪುಡಿ ಉದುರಿತು.

ಇದನ್ನು ನಾನೇ ಸರಿ ಮಾಡಲೋ, ನಿಮ್ಮಲ್ಲಿಗೆ ತರಲೋ?

ಗೋಣಿಕೊಪ್ಪ ವೈರಿಂಗ್

ಲಗ್ ಒತ್ತುವ ಹೈಡ್ರಾಲಿಕ್ ಪ್ರೆಸ್ ಬೇಕು, ಸುತ್ತಿಗೆಯಲ್ಲಿ ಬಡಿದರೆ ಮತ್ತೆ ಇದೇ ಗತಿ. ಹತ್ತಿರದ ಯಾವುದಾದರೂ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ, ನನ್ನ ಹತ್ತಿರವೇ ಬರಬೇಕು ಅಂತಿಲ್ಲ.

ಮೂರು ವಯರ್ ಬದಲಿಸಿ. ಡೈನಮೋದಿಂದ ಬ್ಯಾಟರಿ ಪಾಸಿಟಿವ್‌ಗೆ, ಎಂಜಿನ್ನಿಂದ ಬಾಡಿಯ ತಗಡಿಗೆ, ಬ್ಯಾಟರಿ ನೆಗೆಟಿವ್‌ನಿಂದ ಬಾಡಿಯ ತಗಡಿಗೆ. ಆಡಿಯೋದವರು ಇದನ್ನೇ ಬಿಗ್ ತ್ರೀ ಅನ್ನುವುದು. 25 ಚದರ ಮಿಲಿಮೀಟರ್ ಅಪ್ಪಟ ತಾಮ್ರದ ಕೇಬಲ್ ಸಾಕು. ಡೈನಮೋ ಕಡೆಯ ಹೊಸ ವಯರಿಗೂ ಫ್ಯೂಸ್ ಬೇಕು, ಮರೆಯಬೇಡಿ. ಡಿಕ್ಕಿಗೂ ಅದೇ ದಪ್ಪ ಎಳೆಸಿ. ಈಗಿರುವ ವಯರ್ ಐದು ಮೀಟರ್ ಇದ್ದರೆ 86 ಆಂಪಿಯರ್‌ಗೆ ಸುಮಾರು 1.4 ವೋಲ್ಟ್ ದಾರಿಯಲ್ಲೇ ತಿನ್ನುತ್ತದೆ, 25ರ ತಾಮ್ರ ಹಾಕಿದರೆ 0.3. ಡಿಕ್ಕಿಗೆ ಹೋಗುವ ವಯರಿನ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಇರಬೇಕು. ಅದು ವಯರನ್ನು ಕಾಯುವುದಕ್ಕೆ ಇರುವುದು, ಆಂಪ್ಲಿಫೈಯರನ್ನಲ್ಲ. ಹಿಂದೆ ಅರ್ತ್ ಕಟ್ಟುವಲ್ಲಿ ಪೇಂಟ್ ಪೂರ್ತಿ ಕೆರೆದು ಹೊಳೆಯುವ ತಗಡಿನ ಮೇಲೆ ಕಟ್ಟಿ, ಆಮೇಲೆ ಮೇಲಿಂದ ಗ್ರೀಸ್ ಬಳಿಯಿರಿ. ನಮ್ಮ ಹವೆಗೆ ಅದಿಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು.

ಬ್ಯಾಟರಿಯನ್ನು ಹೊರಗೆ ತೆಗೆದು ಒಂದು ರಾತ್ರಿ ನಿಧಾನಕ್ಕೆ ಚಾರ್ಜ್ ಮಾಡಿಸಿ, ಲೋಡ್ ಟೆಸ್ಟ್ ಮಾಡಿಸಿ. ಅರ್ಧ ಸತ್ತ ಬ್ಯಾಟರಿ ಇದ್ದರೆ ಹೊಸ ಡೈನಮೋ ಇಡೀ ದಿನ ಅದನ್ನೇ ಸಾಕುತ್ತಾ ಕೂರುತ್ತದೆ. ಇಷ್ಟು ಮಾಡಿ ಮತ್ತೆ ಅಳೆಯಿರಿ.

ಪೊನ್ನಂಪೇಟೆ 23

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು 2023ರ ಪೆಟ್ರೋಲ್ ಕಾರು. ಓಡುವಾಗ ವೋಲ್ಟೇಜ್ ಒಮ್ಮೆ 12.6, ಒಮ್ಮೆ 14.7 ತೋರಿಸುತ್ತದೆ. ಡೈನಮೋ ಕೆಟ್ಟಿದೆಯಾ? ನಾನೂ ದೊಡ್ಡದು ಹಾಕಿಸಬೇಕಾ?

ಗೋಣಿಕೊಪ್ಪ ವೈರಿಂಗ್

ಕೆಟ್ಟಿರಲಿಕ್ಕಿಲ್ಲ ತಮ್ಮಾ. ಈಗಿನ ತುಂಬಾ ಗಾಡಿಗಳಲ್ಲಿ ಡೈನಮೋ ಎಷ್ಟು ಕೊಡಬೇಕು ಅಂತ ಇಸಿಯು ಹೇಳುತ್ತದೆ. ಇಂಧನ ಉಳಿಸಲು ಕಾಲು ಒತ್ತಿದಾಗ ಇಳಿಸುತ್ತದೆ, ಕಾಲು ಬಿಟ್ಟಾಗ ಏರಿಸುತ್ತದೆ. ನಮ್ಮ ಇಳಿಜಾರಿನಲ್ಲಿ ಆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಇಂಥ ಗಾಡಿಗೆ ಹೊರಗಿನ ಡೈನಮೋ ತಂದು ಸಿಕ್ಕಿಸಿದರೆ ಇಸಿಯು ಜೊತೆ ಮಾತು ಸೇರುವುದಿಲ್ಲ, ಚಾರ್ಜ್ ದೀಪ ಉರಿಯುತ್ತದೆ, ವಾರಂಟಿಯೂ ಹೋಗಬಹುದು. ಬ್ಯಾಟರಿ ನೆಗೆಟಿವ್ ಮೇಲೆ ಒಂದು ಸಣ್ಣ ಸೆನ್ಸರ್ ಇರುತ್ತದೆ ನೋಡಿ, ಬ್ಯಾಟರಿಯಿಂದ ಎಷ್ಟು ಹೋಯಿತು ಎಷ್ಟು ಬಂತು ಅಂತ ಅದು ಎಣಿಸುತ್ತದೆ. ಆಂಪ್ಲಿಫೈಯರ್ ಅರ್ತನ್ನು ನೇರ ಬ್ಯಾಟರಿ ನೆಗೆಟಿವ್ ಮೊಳೆಗೆ ಕಟ್ಟಿದರೆ ಆ ಕರೆಂಟು ಸೆನ್ಸರಿಗೆ ಕಾಣುವುದೇ ಇಲ್ಲ, ಲೆಕ್ಕ ತಪ್ಪುತ್ತದೆ. ಬಾಡಿಯ ತಗಡಿಗೇ ಕಟ್ಟಿಸಿ. ನಿಮ್ಮ ಗಾಡಿಗೆ ಕ್ಲಾಸ್ ಡಿ ಆಂಪ್ಲಿಫೈಯರ್ ಆರಿಸಿಕೊಂಡು 400, 500 ವ್ಯಾಟಿನ ಒಳಗೆ ನಿಲ್ಲಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸಿದ್ದಾಪುರ ರೈಟರ್

ಐಡ್ಲಿಂಗ್ ಮಾತು ಬಂದದ್ದಕ್ಕೆ ಒಂದು ಹೇಳುತ್ತೇನೆ. ನಮ್ಮ ಕಡೆ ಸಂಜೆ ಮೇಲೆ ಆನೆ ರಸ್ತೆಗೆ ಬಂದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಂತಲ್ಲೇ ಕಾಯಬೇಕು. ಎಂಜಿನ್ ಆಫ್ ಮಾಡುವ ಹಾಗಿಲ್ಲ, ಹಿಂದೆ ತೆಗೆಯಬೇಕಾಗಬಹುದು. ಅಂಥ ಹೊತ್ತಿಗೆ ಬ್ಯಾಟರಿ ಇಳಿದು ಎಂಜಿನ್ ನಿಂತು, ಮತ್ತೆ ಸೆಲ್ಫ್ ಎತ್ತದಿದ್ದರೆ ಏನು ಗತಿ ಅಂತ ಯೋಚನೆ ಮಾಡಿ. ತೋಟದ ರಸ್ತೆಗೆ ತಿರುಗುವ ಮೊದಲೇ ನಾನು ಹಾಡು ಆಫ್ ಮಾಡಿಬಿಡುತ್ತೇನೆ, ಕರೆಂಟಿಗಾಗಿಯೂ ಹೌದು, ಹೊರಗಿನ ಸದ್ದು ಕಿವಿಗೆ ಬೀಳಲಿ ಅಂತಲೂ ಹೌದು. ಕೊಂಬೆ ಮುರಿಯುವ ಸದ್ದು ಬೇಸ್ ನಡುವೆ ಕೇಳಿಸುವುದಿಲ್ಲ.

ಮಕ್ಕಂದೂರು ತೋಟ

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳದೆ ಬಿಡಬಾರದು.

ಮೊದಲು ವಯರ್ ಕೆಲಸ ಮುಗಿಸಿದೆ. ಡೈನಮೋದಿಂದ ಬ್ಯಾಟರಿಗೆ 0.45 ಇದ್ದದ್ದು 0.08ಕ್ಕೆ ಬಂತು, ಅರ್ತ್ 0.3 ಇದ್ದದ್ದು 0.04. ಬ್ಯಾಟರಿ ಲೋಡ್ ಟೆಸ್ಟಿನಲ್ಲಿ ಪಾಸಾಯಿತು, ಹಸಿವಾಗಿತ್ತು ಅಷ್ಟೇ. ಡಿಕ್ಕಿಯಲ್ಲಿ ಈಗ ಬ್ಯಾಟರಿಗಿಂತ 0.3 ಮಾತ್ರ ಕಮ್ಮಿ. ದೀಪ ಕುಗ್ಗುವುದು ಮುಕ್ಕಾಲು ಪಾಲು ನಿಂತಿತು. ವೂಫರ್ ಸದ್ದು ಕೂಡ ಬೇರೆಯೇ ಆಯಿತು, ಮೊದಲು ಒಡೆದ ಹಾಗೆ ಇದ್ದ ಬಡಿತ ಈಗ ಗಟ್ಟಿಯಾಗಿದೆ.

ಆದರೆ ಗೋಣಿಕೊಪ್ಪ ಅಣ್ಣನ ಲೆಕ್ಕ ಸುಳ್ಳಾಗಲಿಲ್ಲ. ಜೋರು ಮಳೆಯ ರಾತ್ರಿ ಐಡ್ಲಿಂಗಿನಲ್ಲಿ ಇನ್ನೂ 12.6ಕ್ಕೆ ಇಳಿಯುತ್ತಿತ್ತು, ಓಡುವಾಗ 13.1. ಕಾರಿಗೆ 64, ಹಾಡಿಗೆ ಅರ್ಧದ ಲೆಕ್ಕದಲ್ಲಿ 43, ಒಟ್ಟು 107, ಬಿಸಿಗೆ ಸ್ವಲ್ಪ ಬಿಟ್ಟು 120 ಅಂತ ನಿರ್ಧಾರ ಮಾಡಿದೆ. ಇದೇ ಎಂಜಿನ್ ಇರುವ ದೊಡ್ಡ ಮಾಡೆಲಿಗೆ ಕಂಪನಿಯೇ 120 ಆಂಪಿಯರ್ ಡೈನಮೋ ಕೊಡುತ್ತದೆ ಅಂತ ಎಲೆಕ್ಟ್ರಿಷಿಯನ್ ಹೇಳಿದರು. ಬ್ರಾಕೆಟ್ ಅದೇ, ಪುಲ್ಲಿಯ ಅಳತೆ, ಗೀರಿನ ಲೆಕ್ಕ ಅದೇ, ಪ್ಲಗ್ಗಿನ ಪಿನ್ ಅದೇ. ಮೂರನ್ನೂ ಹಳೆಯದರ ಪಕ್ಕ ಇಟ್ಟು ನೋಡಿ ಆಮೇಲೆಯೇ ಹಾಕಿಸಿದೆ. ಅಂಗಡಿಯವರು ಹೇಳಿದ 200ರ ಅರ್ಧ ದುಡ್ಡೂ ಆಗಲಿಲ್ಲ.

ನಿನ್ನೆ ರಾತ್ರಿ ಸುಂಟಿಕೊಪ್ಪದಿಂದ ಬರುವಾಗ ಒಳ್ಳೆ ಮಳೆ. ಫಾಗ್ ಲೈಟ್, ವೈಪರ್, ಬ್ಲೋವರ್, ಡಿಫಾಗರ್, ಎಲ್ಲ ಚಾಲೂ, ವಾಲಗವೂ ಚಾಲೂ. ಓಡುವಾಗ 13.8. ಮರ ಬಿದ್ದು ಹತ್ತು ನಿಮಿಷ ನಿಂತೆ, ಆಗ 13.1ಕ್ಕೆ ಇಳಿಯಿತು, ಹಾಡು ಆಫ್ ಮಾಡಿದ ಕೂಡಲೇ 13.4. ಮುಂದೆ ಮರ ಕಡಿಯುತ್ತಿದ್ದವರ ಮೇಲೆ ಹೆಡ್‌ಲೈಟ್ ಒಂದೇ ಸಮ ಬಿದ್ದಿತ್ತು. ಇವತ್ತು ಬೆಳಿಗ್ಗೆ ಏನೂ ಹಾಕದೆ ನೋಡಿದೆ, ಬ್ಯಾಟರಿ 12.6.

ಹಳೆ 90 ಆಂಪಿಯರ್ ಡೈನಮೋ ಮನೆಯಲ್ಲಿದೆ, ಕೆಲಸ ಮಾಡುತ್ತದೆ, ಬ್ರಷ್ ಇನ್ನೂ ಅರ್ಧ ಇದೆ. ಇದೇ ಎಂಜಿನ್ನಿನ ಗಾಡಿ ಇರುವವರಿಗೆ ಬೇಕಾದರೆ ಇಲ್ಲೇ ಹೇಳಿ, ಸುಮ್ನೆ ಕೊಡುತ್ತೇನೆ.